ಒಗೆಯದ ಸೀರೆಯ ಬೇಲಿ

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ರಸ್ತೆಗೆ ಹತ್ತಿದ ಎರೆಹೊಲವೊಂದರ ಮೂಲೆಯಲ್ಲಿ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಮೊಣಕಾಲೂರಿ ನೆಲ ನೋಡುತ್ತಿದ್ದಾರೆ. ಮೂಗುತಿ ಬೀಳಿಸಿಕೊಂಡಿರಬೇಕು ಎಂದುಕೊಂಡು ನಾನೂ ಬಗ್ಗಿ ಹುಡುಕತೊಡಗುತ್ತೇನೆ. "ನೀವೇನು ಕಳಕೊಂಡ್ರಿ ಸರ?" ಎಂದು ಅವರೇ ನನ್ನನ್ನು ಕೇಳುತ್ತಾರೆ. ನನ್ನ ಪೆಚ್ಚು ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಗು ಮುಗಿದ ಮೇಲೆ ಬೆರಳಿಟ್ಟು ತೋರಿಸುತ್ತಾರೆ: "ಇಲ್ಲಿ ನೋಡ್ರಿ, ಐದು ಚಿಗರಿ ಬಂದಾವ. ಇದು ಮರಿದು, ಸಣ್ಣ ಹೆಜ್ಜಿ. ಇಲ್ಲಿ ನಿಂತು ಒಳಗ ಹಣಿಕಿ ಹಾಕ್ಯಾವ, ಬದು ಇಳದು ಹೋಗ್ಯಾವ. ಇದು ಅವುಗಳ ಬಾಗಲಾ."

ಇವರು ತಿಮ್ಮವ್ವ. ಸುತ್ತಿನ ಊರುಗಳಲ್ಲಿ ಬೇಲಿ ತಿಮ್ಮವ್ವ ಎಂದರೆ ಬೇಗ ಗೊತ್ತಾಗುತ್ತದೆ. ಈ ಸೀಮೆಯಲ್ಲಿ ಚಿಗರಿ ಎಂದರೆ ಹಿಂಡುಗಟ್ಟಿ ಬಂದು ಎಳೆ ಬೆಳೆ ಮೇಯುವ ಜಿಂಕೆ. ಅವನ್ನು ಹೊಡೆಯದೆ ಬಡಿಯದೆ ಹೊಲದ ಹೊರಗಿಡುವುದು ತಿಮ್ಮವ್ವನವರ ಕಸುಬು. ಯಾವ ಹೊಲಕ್ಕೆ ಯಾವ ಬೇಲಿ ಎಂದು ನೋಡಿ ಹೇಳುತ್ತಾರೆ, ಹೇಳಿದ್ದನ್ನು ಕಟ್ಟಿಯೂ ಕೊಡುತ್ತಾರೆ. ಎಕರೆಗೆ ಎಂಟು ಸೇರು ಜೋಳ ಅವರ ಕೂಲಿ, ಅದೂ ಬೆಳೆ ಮನೆಗೆ ಬಂದ ಮೇಲೆ. ಚಿಗರಿ ಒಳಗೆ ಬಂದು ಮೇದರೆ ಕೂಲಿಯಿಲ್ಲ. ಇಂಥ ಕರಾರು ನಮ್ಮ ಪತ್ರಿಕೆಯ ಕಚೇರಿಯಲ್ಲಿದ್ದಿದ್ದರೆ ನಾನು ಎಂದೋ ಉಪವಾಸ ಬಿದ್ದಿರುತ್ತಿದ್ದೆ.

ಇವತ್ತು ಅವರು ಬಂದಿರುವುದು ಕಸ್ತೂರೆಮ್ಮ ಎಂಬುವರ ಎರಡೆಕರೆ ಕಡಲೆ ಹೊಲಕ್ಕೆ. ಕಸ್ತೂರೆಮ್ಮನಿಗೆ ಮೂವತ್ತನಾಲ್ಕು. ಗಂಡನದು ಮಸ್ಕಿ ಬಜಾರಿನಲ್ಲಿ ಕಿರಾಣಿ ಅಂಗಡಿ. ಮಾವ ಬಿಟ್ಟುಹೋದ ಈ ಹೊಲವನ್ನು ಹಟ ಹಿಡಿದು ತಾನೇ ಮಾಡುತ್ತಿದ್ದಾಳೆ. ಮೊದಲ ವರ್ಷ ಬಿತ್ತಿದ ಕಡಲೆ ಮೂರು ಬೆರಳು ಏಳುವ ಹೊತ್ತಿಗೆ ಚಿಗರಿಯ ಪಾಲಾಯಿತು. ಎರಡನೆಯ ವರ್ಷವೂ ಅದೇ ಕತೆ. ಈ ಸಲ ಬಿತ್ತುವ ಮೊದಲೇ ಅತ್ತೆ ವೀರಭದ್ರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ. ಇನ್ನೊಮ್ಮೆ ಚಿಗರಿ ಮೇದರೆ ಹೊಲ ಬೇರೆಯವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಸೊಸೆ ಅಂಗಡಿಗೆ.

"ತಕ್ಕಡಿ ಹಿಡದು ಕುಂದ್ರೂದು ನನ್ನ ಕೈಲೆ ಆಗಂಗಿಲ್ರಿ. ಅಲ್ಲಿ ಒಂದು ತಾಸು ಕುಂತ್ರ ತಲಿ ಸಿಡೀತೈತಿ. ಹೊಲದಾಗ ಒಂದು ತಾಸು ಕಸ ಕಿತ್ರ ಪೂರಾ ದಿನ ಹಗೂರ ಇರ್ತೀನಿ," ಎನ್ನುತ್ತಾಳೆ ಕಸ್ತೂರೆಮ್ಮ. ಕಡಲೆ ಈಗ ಮೂರು ಬೆರಳು ಎದ್ದಿದೆ.

ಕಟ್ಟುವುದಕ್ಕಿಂತ ಆರಿಸುವುದು ಕಷ್ಟ ಎಂಬುದು ತಿಮ್ಮವ್ವನವರ ಮಾತು. ಹೊಲಕ್ಕೆ ಕರೆದವರನ್ನು ಅವರು ಮೊದಲು ಕೂರಿಸಿ ವಿಚಾರಿಸುತ್ತಾರೆ. ಏನು ಬಿತ್ತಿದ್ದೀರಿ, ಎಷ್ಟು ತಿಂಗಳ ಬೆಳೆ, ಚಿಗರಿ ನೀರಿಗೆ ಯಾವ ಕಡೆಯಿಂದ ಹೋಗುತ್ತವೆ. ನೀರಿನ ಹಾದಿಗೆ ಅಡ್ಡ ಬೇಲಿ ಕಟ್ಟಿಸುವವರಿಗೆ ಅವರು ಕೈಮುಗಿದು ಎದ್ದುಬಿಡುತ್ತಾರೆ. ಮಸ್ಕಿ ಗುಡ್ಡದ ಬುಡದ ಹೊಲವಾದರೆ ಕಲ್ಲು ಪೇರಿಸಿ ಎನ್ನುತ್ತಾರೆ. ಹಳ್ಳದ ದಂಡೆಗೆ ಜಾಲಿ ಮುಳ್ಳು. "ಕತ್ತಾಳಿ ಹಚ್ಚಿದ್ರ ಮೂರು ವರ್ಷ ಕಾಯಬೇಕ್ರಿ, ಆಮ್ಯಾಲ ಮೊಮ್ಮಕ್ಕಳ ತನಕಾ ಚಿಂತಿಲ್ಲ. ಆದ್ರ ಈ ತಂಗಿಗಿ ಮೂರು ವರ್ಷ ಎಲ್ಲೈತಿ? ಮೂರು ತಿಂಗಳ ಕಡ್ಲಿ, ಅದಕ್ಕ ಸೀರಿನ ಬರೋಬ್ಬರಿ."

ಮುಳ್ಳುತಂತಿಯ ಹೆಸರೆತ್ತಿದರೆ ಮಾತ್ರ ಅವರ ನಗುಮುಖ ಬಾಡುತ್ತದೆ. ಒಮ್ಮೆ ಲಿಂಗಸುಗೂರಿನ ಕಡೆಯ ಹೊಲವೊಂದರಲ್ಲಿ ತಂತಿಗೆ ಸಿಕ್ಕಿಬಿದ್ದ ಹೆಣ್ಣು ಚಿಗರಿಯನ್ನು ಅವರೂ ಗಂಡ ರಾಮಣ್ಣನೂ ಸೇರಿ ಬಿಡಿಸಿದ್ದರಂತೆ. "ಓಡಿ ಬರೂ ಜೀವಕ್ಕ ತಂತಿ ಕಾಣಂಗಿಲ್ರಿ. ಸೀರಿ ಕಾಣತೈತಿ, ಗಾಳಿಗಿ ಪಟಪಟ ಅಂತೈತಿ. ಬ್ಯಾಡ ಅಂತ ಹೇಳೂದು ಬೇಲಿ. ಮೈ ಹರಿಯೂದು ಬೇಲಿ ಅಲ್ಲ."

ಹೊಲದ ಸುತ್ತ ಆರಾರು ಹೆಜ್ಜೆಗೆ ಒಂದರಂತೆ ರಾಮಣ್ಣ ಹಿಂದಿನ ದಿನವೇ ಜಾಲಿಯ ಗೂಟ ನೆಟ್ಟು ಹೋಗಿದ್ದಾನೆ. ತಿಮ್ಮವ್ವ ಗಂಟು ಬಿಚ್ಚಿ ಸೀರೆ ತೆಗೆಯುತ್ತಾರೆ. ಕೆಂಪು, ಹಳದಿ, ಬಣ್ಣ ಮಾಸಿದ ನೀಲಿ. ಒಂದು ತುದಿ ಈ ಗೂಟಕ್ಕೆ, ಇನ್ನೊಂದು ತುದಿ ಆ ಗೂಟಕ್ಕೆ. ಎತ್ತರ ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಇಷ್ಟು ಗಿಡ್ಡ ಬೇಲಿಯೇ ಎಂದು ಕೇಳಿ ಎರಡನೆಯ ಸಲ ನಗೆಪಾಟಲಾಗುತ್ತೇನೆ.

"ಚಿಗರಿ ಹಾರತೈತಿ ಅಂತ ಎಲ್ಲಾರೂ ಮ್ಯಾಲ ನೋಡ್ತಾರ. ಅದು ಮೊದ್ಲ ಕೆಳಗ ನೋಡತೈತಿ. ಗೇಣು ಸಂದಿ ಸಿಕ್ರ ತಲಿ ತೂರಿಸಿ, ಹೊಟ್ಟಿ ನೆಲಕ್ಕ ಹಚ್ಚಿ ನುಸಳತೈತಿ. ಹಾರೂದು ಕಡೀ ಮಾತು." ಆದ್ದರಿಂದ ಅವರ ಅಸಲಿ ಕೆಲಸ ಇರುವುದು ಕೆಳ ಅಂಚಿನಲ್ಲಿ. ಎರಡು ಗೂಟಗಳ ನಡುವೆ ನೆಲಕ್ಕೆ ಒಂದು ಗಿಡ್ಡ ಗೂಟ ಹೊಡೆದು, ಅಂಚನ್ನು ಎರಡು ಸಲ ತಿರುಚಿ ಅದಕ್ಕೆ ಸುತ್ತಿ, ಅಡಿಯಿಂದ ಎಳೆದು ಒಂದು ಗಂಟು ಹಾಕುತ್ತಾರೆ. ಗಾಳಿ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ನಾನು ಮೂರು ಸಲ ಹಾಕಿ ನೋಡಿದೆ, ಮೂರು ಸಲವೂ ಬಿಚ್ಚಿಕೊಂಡಿತು. ಎರಡೆಕರೆಗೆ ಅರವತ್ತೈದು ಸೀರೆ ಬೇಕು. ಒಂದು ಬೆಳಗಿಗೆ ಹದಿನೈದು ಕಟ್ಟುತ್ತಾರೆ.

ಇಷ್ಟು ಹೊತ್ತಿಗೆ ನನ್ನ ಮೂಗು ಒಂದು ಸಂಗತಿಯನ್ನು ಗಮನಿಸಿದೆ. ಹೇಳಲು ಸಂಕೋಚ. ಸೀರೆಗಳು ಒಗೆದವಲ್ಲ. ನನ್ನ ಮೂಗಿನ ಗತಿ ನೋಡಿ ತಿಮ್ಮವ್ವನೇ ಅದರ ಕತೆ ಹೇಳುತ್ತಾರೆ.

ಅವರ ತವರು ತುರ್ವಿಹಾಳ. ಕಾಲುವೆ ನೀರು ಬಂದು ಆ ಕಡೆಯೆಲ್ಲ ಭತ್ತದ ಗದ್ದೆಯಾದ ಮೇಲೆ ಚಿಗರಿಗಳಿಗೆ ಅಲ್ಲಿ ಒಣ ನೆಲ ಕಡಿಮೆಯಾಯಿತು. ಹಿಂಡು ಹಿಂಡಾಗಿ ಮಸ್ಕಿಯ ಬೆದ್ದಲು ಹೊಲಗಳಿಗೆ ಬಂದವು. ತಿಮ್ಮವ್ವನೂ ಮದುವೆಯಾಗಿ ಅದೇ ಕಡೆಗೆ ಬಂದರು. "ನಾನೂ ಅವೂ ಒಂದ ತವರಿನಿಂದ ಬಂದೀವ್ರಿ. ಅದಕ್ಕ ಅವುಗಳ ಬುದ್ಧಿ ನನಗ ಗೊತ್ತು," ಎಂದು ಚಟಾಕಿ ಹಾರಿಸುತ್ತಾರೆ. ಹಾಗೆ ಗೊತ್ತಾಗಲು ಮಾತ್ರ ಒಂದು ದೊಡ್ಡ ತಪ್ಪು ಆಗಬೇಕಾಯಿತು. ಅದು ಹತ್ತು ವರ್ಷದ ಹಿಂದಿನ, ಎಂಬತ್ನಾಲ್ಕರ ಮಾತು. ತಮ್ಮದೇ ಒಂದೆಕರೆ ಕಡಲೆಗೆ ಮೂರು ಕಡೆ ಜಾಲಿ ಮುಳ್ಳು ಹಾಕಿದರು. ನಾಲ್ಕನೆಯ ಕಡೆಗೆ ಮುಳ್ಳು ಸಾಲಲಿಲ್ಲ. ಓಣಿಯ ಮನೆಗಳಿಂದ ಹನ್ನೊಂದು ಹಳೆಯ ಸೀರೆ ಬೇಡಿ ತಂದರು. ಯಾರೋ ಉಟ್ಟ ಸೀರೆಯನ್ನು ಒಗೆಯದೆ ನಾಲ್ಕು ಜನ ಓಡಾಡುವ ಕಡೆ ಕಟ್ಟುವುದುಂಟೆ? ಹಳ್ಳಕ್ಕೆ ಒಯ್ದು, ಸೋಡಾ ಹಾಕಿ, ಬಂಡೆಗೆ ಬಡಿದು, ಬಿಸಿಲಿಗೆ ಒಣಗಿಸಿ ಕಟ್ಟಿದರು. ಆಗಲೂ ಒಂದು ಸೀರೆಯಷ್ಟು ಜಾಗ ಉಳಿಯಿತು. ಹೊತ್ತು ಮುಳುಗುತ್ತಿತ್ತು. ಮನೆಗೆ ಓಡಿ, ಬೇರೆ ಉಟ್ಟು, ಮೈಮೇಲಿದ್ದುದನ್ನೇ ತಂದು ಆ ಸಂದಿಗೆ ಕಟ್ಟಿದರು.

"ಮುಂಜಾನಿ ಹೋಗಿ ನೋಡ್ತೀನಿ, ಬೀಗರು ಬಂದಂಗ ಬಂದಾವ್ರಿ! ಒಗದ ಸೀರಿ ಕೆಳಗ ನುಸಳಿ ನುಸಳಿ ಒಳಗ ಕುಂತಾವ. ನನ್ನ ಬೆವರಿನ ಸೀರಿ ಹತ್ರ ಮಾತ್ರ ಒಂದ ಹೆಜ್ಜಿ ಇಲ್ಲ. ಹತ್ತು ಮಾರು ದೂರ ನಿಂತು ತಿರುಗಿ ಹೋಗ್ಯಾವ. ನಾ ಅಳಬೇಕೋ ನಗಬೇಕೋ! ಮೂರು ದಿನ ಒಗದದ್ದು, ಕೈ ಸುಲದು ಹೋಗಿದ್ವು, ಎಲ್ಲಾ ದಂಡ."

ಬಣ್ಣಕ್ಕೆ ಚಿಗರಿ ಒಂದೆರಡು ದಿನ ಬೆದರಬಹುದು, ಆಮೇಲೆ ರೂಢಿಯಾಗುತ್ತದೆ. ಮನುಷ್ಯರ ಮೈವಾಸನೆಗೆ ಅಷ್ಟು ಬೇಗ ರೂಢಿಯಾಗುವುದಿಲ್ಲ. ತಿಮ್ಮವ್ವ ಕಂಡುಕೊಂಡದ್ದು ಇಷ್ಟು. ಇಪ್ಪತ್ತು ದಿನಕ್ಕೊಮ್ಮೆ ವಾಸನೆ ಆರಿದ ಸೀರೆ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ಕಂಡುಕೊಳ್ಳುವುದೇನೋ ಆಯಿತು. ಆದರೆ ಒಗೆಯದ ಸೀರೆ ಕೊಡುವವರು ಯಾರು?

ಇಲ್ಲಿ ಬರುತ್ತಾರೆ ಮೆಹಬೂಬ್‌ಬೀ. ಸಿಂಧನೂರಿನವರು, ಬುಟ್ಟಿ ಹೊತ್ತು ಓಣಿ ಓಣಿ ಸುತ್ತಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು. "ಸೀರಿ ಕೊಡ್ರಿ ಅಂದ್ರ ಕೊಡ್ತಾರ. ಒಗೀದೆ ಕೊಡ್ರಿ ಅಂದ್ರ ನನ್ನ ಮಾರಿ ನೋಡ್ತಾರ. ಈಕೀಗೇನು ಹುಚ್ಚು ಹಿಡದೈತಿ ಅಂತ," ಎನ್ನುತ್ತಾರೆ ಅವರು. ಈಗ ಹೆಂಗಸರಿಗೆ ಇದು ರೂಢಿಯಾಗಿದೆ. ಕೊಡಬೇಕೆಂದಿರುವ ಸೀರೆಯನ್ನು ಕೊನೆಯ ಒಂದು ದಿನ ಉಟ್ಟು ನಾಟಿಗೋ ಕಳೆಗೋ ಹೋಗಿ, ಬೆವತು ಬಂದು, ಮಡಿಚಿಟ್ಟಿರುತ್ತಾರೆ. ಮರುದಿನ ಮೆಹಬೂಬ್‌ಬೀ ಹೋಗಿ ತರುತ್ತಾರೆ.

ಆದರೂ ನಾಚಿಕೆ ಎಂಬುದೊಂದಿದೆಯಲ್ಲ. ತಾನು ಉಟ್ಟದ್ದು ತನ್ನೂರಿನ ಹೊಲದಲ್ಲಿ ಹಾರಾಡುವುದನ್ನು ಯಾವ ಹೆಣ್ಣು ಒಪ್ಪುತ್ತಾಳೆ? ಅದಕ್ಕೆ ಈ ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಸಿಂಧನೂರು, ತುರ್ವಿಹಾಳದ ಸೀರೆ ಮಸ್ಕಿಯ ಹೊಲಕ್ಕೆ. ಮಸ್ಕಿಯ ಸೀರೆ ಲಿಂಗಸುಗೂರಿಗೆ. ಲಿಂಗಸುಗೂರಿನದು ಸಿಂಧನೂರಿನ ಕಡೆಗೆ. ಹೀಗಾಗಿ ಯಾರ ಸೀರೆ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಒಂದೇ ಒಂದು ವರ್ಷ ಗಂಟುಗಳು ಅದಲುಬದಲಾಗಿ, ತುರ್ವಿಹಾಳದ ರೈತನೊಬ್ಬ ಪಕ್ಕದ ಹೊಲದಲ್ಲಿ ಹೆಂಡತಿಯ ಸೀರೆ ಗುರುತು ಹಿಡಿದು, ಬಿಚ್ಚಿ, ಹೆಗಲಿಗೆ ಹಾಕಿಕೊಂಡು ಮನೆಗೆ ಹೋದನಂತೆ. ಆ ಸಂದಿಯಲ್ಲಿ ಚಿಗರಿ ಹೊಕ್ಕವು. ಅವತ್ತಿನಿಂದ ಊರಿಗೊಂದು ಬಣ್ಣದ ದಾರ ಕಟ್ಟಿ ಗಂಟು ಬೇರೆ ಮಾಡುತ್ತಾರೆ.

"ಸೀರಿ ಯಾರದು ಅಂತ ಇವತ್ತಿನ ತನಕಾ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ರಿ. ನೀವೂ ಪೇಪರಿನ್ಯಾಗ ಬರೀಬ್ಯಾಡ್ರಿ," ಎಂದು ತಿಮ್ಮವ್ವ ನನ್ನಿಂದ ಮಾತು ತೆಗೆದುಕೊಳ್ಳುತ್ತಾರೆ. ಕೊಟ್ಟಿದ್ದೇನೆ.

ಆದರೆ ಎಲ್ಲ ಕಟ್ಟಳೆಗೂ ಒಂದು ತೊಡಕು ಇದ್ದೇ ಇರುತ್ತದೆ. ಚಿಗರಿಗಳು ನಿತ್ಯ ಒಳಬರುವ ಜಾಗಕ್ಕೆ, ಅಂದರೆ ತಿಮ್ಮವ್ವ ಬೆಳಿಗ್ಗೆ ನನಗೆ ತೋರಿಸಿದ ಆ 'ಬಾಗಲಾ'ಕ್ಕೆ, ಪರವೂರಿನ ಸೀರೆ ಸಾಲುವುದಿಲ್ಲ. ಅಲ್ಲಿ ಹೊಲದ ಮನೆಯವರ ಸೀರೆಯೇ ಬೇಕು ಎನ್ನುವುದು ಅವರ ನಂಬಿಕೆ. ದಿನಾ ಬಂದು ಕೂಗುವವರ, ಓಡಿಸುವವರ ವಾಸನೆ ಚಿಗರಿಗೆ ನೆನಪಿರುತ್ತದಂತೆ. ಕಸ್ತೂರೆಮ್ಮ ತನ್ನ ಸೀರೆ ಮಡಿಚಿ ತಂದೂ ಇದ್ದಳು. ಆದರೆ ಹೊಲ ರಸ್ತೆಯ ಪಕ್ಕ. ಸುದ್ದಿ ಅತ್ತೆಯ ಕಿವಿಗೆ ಬಿತ್ತು.

ವೀರಭದ್ರಮ್ಮನವರನ್ನು ನಾನು ಅವರ ಮನೆಯ ಕಟ್ಟೆಯ ಮೇಲೆ ಕಂಡೆ. ಹಣೆಯ ತುಂಬ ವಿಭೂತಿ, ಮಾತು ಖಡಕ್ಕು. "ನಮ್ಮನಿ ಸೊಸಿ ಉಟ್ಟ ಸೀರಿ ಹಾದಿ ಮ್ಯಾಲ ಕಟ್ಟಬೇಕೇನು? ದಿನಾ ಎಷ್ಟು ಬಸ್ಸು ಅಡ್ಡಾಡ್ತಾವ! ಕಂಡಕ್ಟರನೂ ನೋಡಬೇಕು, ಬೀಗರೂ ನೋಡಬೇಕು! ತಿಮ್ಮವ್ವ ಛಲೋ ಹೆಣಮಗಳು, ಇಲ್ಲ ಅನ್ನಂಗಿಲ್ಲ. ಆದ್ರ ಇದು ಆಗೂ ಮಾತಲ್ಲ." ಕಸ್ತೂರೆಮ್ಮ ಸೀರೆಯನ್ನು ವಾಪಸು ಒಯ್ದಳು. ಬಾಗಿಲಿಗೆ ತಿಮ್ಮವ್ವ ಎರಡು ಹೊರೆ ಜಾಲಿ ಮುಳ್ಳು ಜಡಿದರು. "ನೋಡೂಣ್ರಿ," ಎಂದಷ್ಟೇ ಅಂದರು.

ಅವತ್ತು ಹೊರಡುವ ಮುಂಚೆ, ನಿಮ್ಮ ಆಸೆ ಏನಾದರೂ ಇದೆಯೇ ಎಂದು ಕೇಳಿದ್ದೆ. ನಮ್ಮ ಕಸುಬಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ, ಉತ್ತರ ಸಾಮಾನ್ಯವಾಗಿ ಮನೆ, ಇಲ್ಲವೇ ಪಿಂಚಣಿ. ತಿಮ್ಮವ್ವನವರ ಉತ್ತರ ಬೇರೆ. ಸೀರೆಯ ಗಂಟು ಹೊತ್ತು ಬಸ್ಸು ಹತ್ತಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆಂದು ಅವರು ಯಾವಾಗಲೂ ರಾಮಣ್ಣನ ಬಂಡಿಯಲ್ಲೋ ನಡೆದೋ ಹೋಗುವವರು. "ಖಾಲಿ ಕೈಲೆ ಬಸ್ಸಿನ ಕಿಟಕಿ ಬಲ್ಲಿ ಕುಂತು, ಮಸ್ಕಿಯಿಂದ ಲಿಂಗಸೂರ ತನಕಾ ಒಮ್ಮಿ ಹೋಗಬೇಕ್ರಿ. ಕಟ್ಟುವಾಗ ಮಾರಿ ಮುಂದ ಒಂದ ಸೀರಿ ಕಾಣತೈತಿ. ಪೂರಾ ಬೇಲಿ ಹೆಂಗ ಕಾಣತೈತೋ ನಾ ನೋಡೇ ಇಲ್ಲ."

ನಾನು ಎರಡನೆಯ ಸಲ ಹೋದದ್ದು ನವೆಂಬರಿನ ನಡುವೆ. ಹೊಲಕ್ಕೆ ಹೋಗುವ ಮೊದಲೇ ಚಹದಂಗಡಿಯಲ್ಲಿ ಸುದ್ದಿ ಸಿಕ್ಕಿತು. ಬೇಲಿ ಕಟ್ಟಿದ ಎಂಟನೆಯ ದಿನ ಚಿಗರಿಗಳು ಬಾಗಿಲಿನ ಮುಳ್ಳು ಸರಿಸಿ ಒಳಗೆ ಬಂದು ಒಂಬತ್ತು ಸಾಲು ಕಡಲೆ ಸವರಿದ್ದವು. ಕಸ್ತೂರೆಮ್ಮ ಬದುವಿನ ಮೇಲೆ ಕೂತು ಅತ್ತಳಂತೆ. ತಿಮ್ಮವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಇನ್ನೊಂದು ವಾರ ಹೀಗೇ ನಡೆದರೆ ಹೊಲ ಲಾವಣಿಗೆ ಹೋದಂತೆಯೇ.

ಆಗ ಯಾರೂ ಎಣಿಸದ ಕೆಲಸವೊಂದನ್ನು ವೀರಭದ್ರಮ್ಮ ಮಾಡಿದರು. "ಸೀರಿ ಯಾಕ ಬೇಕು, ಮನುಷ್ಯಾರು ಸತ್ತಾರೇನು? ನಾ ಕುಂದರ್ತೀನಿ," ಎಂದು ಕೋಲು ಹಿಡಿದು, ಕಂಬಳಿ ಹೊದ್ದು, ಬೆಳಗಿನ ಚಳಿಯಲ್ಲಿ ಹೋಗಿ ಬಾಗಿಲಿನಲ್ಲಿ ಕುಳಿತುಬಿಟ್ಟರು. ಚಿಗರಿಗಳು ದೂರ ನಿಂತು ಮೂಗು ಎತ್ತಿ ನೋಡಿದವು. ವೀರಭದ್ರಮ್ಮ ಅವಕ್ಕೆ ಬಾಯಿಗೆ ಬಂದದ್ದೆಲ್ಲ ಬೈದರು. ಬಂದ ದಾರಿಯಲ್ಲೇ ಹಿಂದೆ ಹೋದವು. ಮರುದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಸೊಸೆಯಷ್ಟೇ ಅಲ್ಲ, ಚಿಗರಿಯೂ ಈ ಅತ್ತೆಗೆ ಹೆದರುತ್ತದೆ ಎಂದು ಬಜಾರಿನ ತುಂಬ ನಗೆಯೋ ನಗೆ. ಅವರಿಗೂ ಒಳಗೊಳಗೇ ಖುಷಿ.

ನಾಲ್ಕನೆಯ ದಿನ ಮೊಣಕಾಲು ಹಿಡಿದುಕೊಂಡಿತು. ಹಾಸಿಗೆಯಿಂದ ಏಳಲಾಗಲಿಲ್ಲ. ಸೊಸೆ ಬಿಸಿನೀರು ತಂದು ಕಾಲಿಗೆ ಹಾಕುತ್ತಿದ್ದಾಗ ಅತ್ತೆ ಅವಳ ಕೈ ತಡೆದರು. ಆಗ ಆಡಿದ ಮಾತನ್ನು ಕಸ್ತೂರೆಮ್ಮ ನನಗೆ ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದಳು: "ಕಸ್ತೂರಿ, ಮೂರು ದಿನ ಉಟ್ಟು ಕುಂತಿದ್ನೆಲ್ಲಾ, ಆ ಹಸರ ಇಳಕಲ್ ಸೀರಿ, ಅದನ್ನ ಒಗಿಯಾಕ ಹಾಕೀಯೇನು? ಹಾಕಿಲ್ಲಾ? ಛಲೋ ಆತು. ಒಯ್ದು ತಿಮ್ಮವ್ವನ ಕೈಯಾಗ ಕೊಡು. ನಾ ಕುಂತ್ರ ಬರಂಗಿಲ್ಲ ಅವು, ನನ್ನ ಸೀರಿ ಕುಂತ್ರೂ ಬರಬಾರದು. ನೋಡೇ ಬಿಡ್ತೀನಿ."

ಹೊಲದಲ್ಲಿ ಆ ಸೀರೆಯನ್ನು ನಾನೇ ನೋಡಿದೆ. ಅರವತ್ನಾಲ್ಕು ಮಾಸಿದ ಸೀರೆಗಳ ನಡುವೆ ಒಂದೇ ಒಂದು ಅಚ್ಚ ಹಸಿರಿನದು, ಕೆಂಪು ಸೆರಗಿನದು. ಅದರ ಎದುರು ನೆಲದಲ್ಲಿ ಹೆಜ್ಜೆಗಳು ಬಂದು ನಿಂತು ತಿರುಗಿದ್ದವು. ಈ ಸಲ ನನಗೂ ಅವು ಕಂಡವು. ನಾನು ಬೆರಳಿಟ್ಟು ತೋರಿಸಿದ್ದಕ್ಕೆ ತಿಮ್ಮವ್ವ, "ಪಾಸಾದ್ರಿ ಸರ," ಎಂದರು. ಆ ಸಂತೋಷ ನನಗೆ ಇನ್ನೂ ಇಳಿದಿಲ್ಲ.

ಮೂರನೆಯ ಸಲ ಹೋದಾಗ ಜನವರಿ. ಎಳ್ಳಮಾವಾಸ್ಯೆ ಮುಗಿದು ಮೂರು ದಿನ. ತಿಮ್ಮವ್ವನವರನ್ನು ಖಾಲಿ ಕೈಯಲ್ಲಿ ಮನೆಯಿಂದ ಹೊರಡಿಸಿ ಲಿಂಗಸುಗೂರಿನ ಬಸ್ಸು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿದ್ದೇನೆ. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿಲ್ಲ. ಮಡಿಲಲ್ಲಿ ಇಡುತ್ತಾರೆ, ಕಿಟಕಿಯ ಸರಳು ಹಿಡಿಯುತ್ತಾರೆ. ಮುಂದಿನ ಹೆಂಗಸರ ಸೀಟಿನಲ್ಲಿ ಕಸ್ತೂರೆಮ್ಮ, ವೀರಭದ್ರಮ್ಮ ಕುಳಿತಿದ್ದಾರೆ. ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯವಂತೆ. ಕಾರ್ಯಕ್ಕೆ ಹೋಗುವವರಾದರೂ ವೀರಭದ್ರಮ್ಮ ಉಟ್ಟಿರುವುದು ದಿನಬಳಕೆಯ ಸೀರೆ.

ಊರು ದಾಟಿ ಎರಡು ಮೈಲಿಗೆ ಹೊಲ ಕಾಣುತ್ತದೆ. ಬೇಲಿಯೊಳಗೆ ಕಡಲೆ ಮೊಣಕಾಲೆತ್ತರ ಬೆಳೆದು ಕಾಯಿ ಕಟ್ಟಿ ತುಂಬಿ ನಿಂತಿದೆ. ಮೇದುಹೋದ ಒಂಬತ್ತು ಸಾಲಿನಲ್ಲಿ ಕಸ್ತೂರೆಮ್ಮ ಹಾಕಿದ ಕೊತ್ತಂಬರಿ ಹೂ ಬಿಟ್ಟಿದೆ. ಹೊಲದ ಸುತ್ತ ಬಣ್ಣ ಬಣ್ಣದ ಸೀರೆಗಳು ಒಂದೇ ಸಲಕ್ಕೆ ಗಾಳಿಗೆ ಉಬ್ಬುತ್ತವೆ. ತಿಮ್ಮವ್ವ ಸರಳಿಗೆ ಹಣೆ ಹಚ್ಚಿ ನೋಡುತ್ತಾರೆ.

ರುಮಾಲು ಸುತ್ತಿದ ಪ್ರಯಾಣಿಕನೊಬ್ಬ ಎದ್ದು ನಿಂತು ಕೈತೋರಿಸಿ, "ಅಲೆಲೇ! ಅಂಥಾ ಇಳಕಲ್ ಸೀರಿ ಬೇಲಿಗಿ ಕಟ್ಯಾರಲ್ಲ! ಯಾರದ್ರೀ ಅದು?" ಎನ್ನುತ್ತಾನೆ. ಇಡೀ ಬಸ್ಸು ಬಗ್ಗಿ ನೋಡುತ್ತದೆ. ತಿಮ್ಮವ್ವ ಹತ್ತು ವರ್ಷದ ಅಭ್ಯಾಸದಂತೆ ಥಟ್ಟನೆ, "ಯಾರದೋ ಏನೋ, ಗೊತ್ತಿಲ್ರಿ," ಎಂದುಬಿಡುತ್ತಾರೆ.

"ಯಾಕ ಗೊತ್ತಿಲ್ಲ? ನಂದು!" ಮುಂದಿನ ಸೀಟಿನಿಂದ ವೀರಭದ್ರಮ್ಮನ ದನಿ ಬಸ್ಸಿನ ಗದ್ದಲವನ್ನು ಸೀಳಿ ಬರುತ್ತದೆ. ಕಂಬಿ ಹಿಡಿದು ಎದ್ದು ನಿಂತೇಬಿಟ್ಟಿದ್ದಾರೆ. "ನಂದದು, ನಾ ಉಟ್ಟದ್ದು. ಇಪ್ಪತ್ತು ದಿನಕ್ಕೊಮ್ಮಿ ಬಿಚ್ಚಿಸಿ ತಂದು, ಮತ್ತ ಉಟ್ಟು ಕೊಡ್ತೀನಿ. ಎರಡು ತಿಂಗಳ ಆತು, ಒಂದು ಚಿಗರಿ ಹಾಯ್ದಿಲ್ಲ. ಮೈಮ್ಯಾಲಿಂದು ನೋಡ್ರಿ, ಇದನ್ನೂ ದಿನಾ ಉಟ್ಟು ಹಳೇದ ಮಾಡಾಕತ್ತೀನಿ. ಮುಂದಿನ ವರ್ಷ ನಮ್ಮ ಕಸ್ತೂರಿ ಕಡ್ಲಿಗಿ ಬೇಕಲ್ಲಾ!" ಆಮೇಲೆ ನನ್ನತ್ತ ತಿರುಗಿ, "ಏ ಪೇಪರಿನವನ, ಬರಕೋ. ಹೆಸರು ತಪ್ಪು ಬರದ್ರ ನೋಡು."

ಮುಂದಿನ ವರ್ಷ ಎಂಬ ಮಾತು ಕೇಳಿದ ಕಸ್ತೂರೆಮ್ಮ ಅತ್ತೆಯ ಮುಖವನ್ನೇ ನೋಡುತ್ತಾಳೆ. ಅವಳ ಕಣ್ಣು ತುಂಬುತ್ತದೆ, ಬಾಯಿ ನಗುತ್ತದೆ. ಕಂಡಕ್ಟರನೂ ಟಿಕೆಟು ಹರಿಯುವುದು ಬಿಟ್ಟು ನಗುತ್ತಾನೆ. ಹೊಲ ಹಿಂದೆ ಸರಿಯುತ್ತದೆ, ಹಸಿರು ಸೀರೆ ಸಣ್ಣದಾಗುತ್ತ ಹೋಗುತ್ತದೆ. ಅದು ಕಾಣುವವರೆಗೂ ಕತ್ತು ತಿರುಗಿಸಿ ನೋಡಿದ ತಿಮ್ಮವ್ವ, ಕಾಣದಾದ ಮೇಲೆ ನನ್ನ ಕಡೆ ಬಾಗಿ, ಬೇರೆ ಯಾರಿಗೂ ಕೇಳದಂತೆ ಮೆಲ್ಲಗೆ ಹೇಳುತ್ತಾರೆ:

"ಸೀರಿ ಅವರದ ಖರೇರಿ ಸರ. ಕೆಳಗಿನ ಗಂಟು ನಂದು."